ಮೆಟ್ರೊ ಗೇಟಿಗೆ ನಿತ್ಯ ಪ್ರಯಾಣಿಕರ ಗುರುತಿಲ್ಲ: ಮಾಸಿಕ ಪಾಸು ಬೇಕು

ಸಂಪಾದಕರಿಗೆ,

ಮಾನ್ಯರೇ,

‘ನಮ್ಮ ಮೆಟ್ರೊ’ ಪ್ರಯಾಣ ದರದ ಮಾತು ಬಂದಾಗಲೆಲ್ಲ ಚರ್ಚೆಯು ದರ ಏರಿಸಿದವರು ಯಾರು ಎಂಬಲ್ಲಿಗೆ ಹೋಗಿ ನಿಂತುಬಿಡುತ್ತದೆ. ರಾಜ್ಯ ಸರ್ಕಾರ ಕೇಂದ್ರದ ಕಡೆಗೆ ಬೆರಳು ತೋರಿಸುತ್ತದೆ, ಕೇಂದ್ರದ ಪ್ರತಿನಿಧಿಗಳು ರಾಜ್ಯದ ಕಡೆಗೆ ತೋರಿಸುತ್ತಾರೆ, ಮೆಟ್ರೊ ರೈಲು ನಿಗಮವು ದರ ನಿಗದಿ ಸಮಿತಿಯ ವರದಿಯನ್ನು ಮುಂದಿಡುತ್ತದೆ. ಈ ಹಗ್ಗಜಗ್ಗಾಟದಲ್ಲಿ, ದರ ಎಷ್ಟು ಎಂಬುದರಷ್ಟೇ ಮುಖ್ಯವಾದ ಇನ್ನೊಂದು ವಿಷಯ, ಅಂದರೆ ದರವನ್ನು ಎಣಿಸುವ ಕ್ರಮವೇ ಸರಿಯಿದೆಯೇ ಎಂಬುದು, ಯಾರ ಗಮನಕ್ಕೂ ಬರುತ್ತಿಲ್ಲ. ತಿಂಗಳಿಗೆ ಐವತ್ತು ಸಲ ಅದೇ ಗೇಟು ದಾಟುವವರಿಗೂ ವರ್ಷಕ್ಕೊಮ್ಮೆ ಊರಿನಿಂದ ಬಂದು ಲಾಲ್‌ಬಾಗಿಗೆ ಹೋಗುವವರಿಗೂ ಮೆಟ್ರೊ ಗೇಟು ಒಂದೇ ಲೆಕ್ಕ ಹಿಡಿಯುತ್ತದೆ. ನಿತ್ಯ ಪ್ರಯಾಣಿಕರಿಗೆ ಮಾಸಿಕ ಪಾಸು, ಪಾಸು ಕೊಳ್ಳಲಾಗದವರಿಗೆ ದಿನದ ಗರಿಷ್ಠ ದರದ ಮಿತಿ (ಒಂದು ದಿನದಲ್ಲಿ ಎಷ್ಟು ಸಲ ಓಡಾಡಿದರೂ ಇಷ್ಟಕ್ಕಿಂತ ಹೆಚ್ಚು ಹಣ ಕಳೆಯಬಾರದೆಂಬ ನಿಯಮ), ಇವೆರಡೂ ಜಾರಿಗೆ ಬರಬೇಕೆಂದು ಒತ್ತಾಯಿಸಲು ಈ ಪತ್ರ ಬರೆಯುತ್ತಿದ್ದೇನೆ.

ಗೇಟಿನಲ್ಲಿ ನಡೆಯುವುದೇನು ಎಂಬುದನ್ನು ಮೊದಲು ಹೇಳುತ್ತೇನೆ. ಒಳಗೆ ಹೋಗುವಾಗ ಸ್ಮಾರ್ಟ್ ಕಾರ್ಡನ್ನೋ ಟೋಕನ್ನನ್ನೋ ಗೇಟಿನ ಮೇಲೆ ಹಿಡಿದಾಗ ಯಾವ ನಿಲ್ದಾಣ, ಎಷ್ಟು ಹೊತ್ತು ಎಂಬುದು ಅದರಲ್ಲಿ ದಾಖಲಾಗುತ್ತದೆ. ಹೊರಗೆ ಬರುವಾಗ ಗೇಟು ಆ ದಾಖಲೆಯನ್ನು ಓದಿ, ಎರಡು ನಿಲ್ದಾಣಗಳ ನಡುವಿನ ದರವನ್ನು ಪಟ್ಟಿಯಲ್ಲಿ ನೋಡಿ, ಕಾರ್ಡಿನಿಂದ ಹಣ ಕಳೆದುಕೊಂಡು ರೆಕ್ಕೆ ತೆರೆಯುತ್ತದೆ. ಟೋಕನ್ ಆಗಿದ್ದರೆ ಅದನ್ನು ನುಂಗಿಕೊಳ್ಳುತ್ತದೆ. 2022ರ ನವೆಂಬರ್‌ನಲ್ಲಿ ಬಂದ ಕ್ಯೂಆರ್ ಟಿಕೆಟ್ಟಿನ ಕೆಲಸವೂ ಹೆಚ್ಚುಕಡಿಮೆ ಇದೇ. ಅಲ್ಲಿಗೆ ಆ ಪ್ರಯಾಣದ ಲೆಕ್ಕ ಮುಗಿಯಿತು. ಸಂಜೆ ಅದೇ ಕಾರ್ಡು ಮತ್ತೆ ಬಂದಾಗ ಗೇಟು ಅದನ್ನು ಹೊಸಬರಂತೆಯೇ ನೋಡುತ್ತದೆ. ಇದಕ್ಕೆ ಯಂತ್ರದ ಅಸಾಮರ್ಥ್ಯ ಕಾರಣವಲ್ಲ. ಹಾಗೆ ಎಣಿಸೆಂದು ನಾವೇ ಅದಕ್ಕೆ ಹೇಳಿಟ್ಟಿದ್ದೇವೆ.

2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಮಹಾತ್ಮ ಗಾಂಧಿ ರಸ್ತೆಯವರೆಗಿನ ಆರೂಮುಕ್ಕಾಲು ಕಿಲೊಮೀಟರ್ ಹಾದಿಯಲ್ಲಿ ಮೊದಲ ರೈಲು ಓಡಿದಾಗ ಈ ಕ್ರಮವನ್ನು ಯಾರೂ ಪ್ರಶ್ನಿಸಲಿಲ್ಲ. ಪ್ರಶ್ನಿಸುವ ಅಗತ್ಯವೂ ಇರಲಿಲ್ಲ. ಆಗ ಮೆಟ್ರೊ ಹತ್ತುವುದು ಒಂದು ಸಂಭ್ರಮವಾಗಿತ್ತು. ಮಕ್ಕಳು ಟೋಕನ್ನನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡುತ್ತಿದ್ದುದು ನನಗೆ ಇನ್ನೂ ನೆನಪಿದೆ. ಇಂದು ಸ್ಥಿತಿ ಬೇರೆ. ನೇರಳೆ ಮಾರ್ಗವು ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ 43 ಕಿಲೊಮೀಟರಿಗೂ ಹೆಚ್ಚು ಉದ್ದವಿದೆ. ಹಸಿರು ಮಾರ್ಗವು ಮಾದಾವರದಿಂದ ರೇಷ್ಮೆ ಸಂಸ್ಥೆಯವರೆಗೆ ಹರಡಿದೆ. 2025ರ ಆಗಸ್ಟ್‌ನಲ್ಲಿ ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹಳದಿ ಮಾರ್ಗ ಆರಂಭವಾದ ಮೇಲೆ ದಿನದ ಪ್ರಯಾಣಿಕರ ಸಂಖ್ಯೆ 10 ಲಕ್ಷವನ್ನೂ ದಾಟಿತು. ಕೆಂಗೇರಿಯಲ್ಲಿ ಮನೆ ಮಾಡಿ ವೈಟ್‌ಫೀಲ್ಡಿನಲ್ಲಿ ದುಡಿಯುವವರಿಗೆ, ನಾಗಸಂದ್ರದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವವರಿಗೆ ಮೆಟ್ರೊ ಇಂದು ಬದುಕಿನ ಭಾಗ. ಬಾಡಿಗೆ, ಹಾಲು, ಮಕ್ಕಳ ಶಾಲೆಯ ಶುಲ್ಕ ಇವುಗಳ ಸಾಲಿನಲ್ಲೇ ಮೆಟ್ರೊ ಖರ್ಚೂ ತಿಂಗಳ ಲೆಕ್ಕದ ಪುಸ್ತಕಕ್ಕೆ ಬಂದು ಕೂತಿದೆ. ಆದರೆ ಆ ಖರ್ಚನ್ನು ತಿಂಗಳ ಲೆಕ್ಕದಲ್ಲಿ ಪಾವತಿಸುವ ದಾರಿ ಮಾತ್ರ ಇಲ್ಲ.

2017ರ ನಂತರ ಏಳು ವರ್ಷಕ್ಕೂ ಮೀರಿ ಬದಲಾಗದಿದ್ದ ದರವನ್ನು 2025ರ ಫೆಬ್ರುವರಿ 9ರಂದು ಒಂದೇ ಏಟಿಗೆ ಏರಿಸಲಾಯಿತು. ಗರಿಷ್ಠ ದರ 60 ರೂಪಾಯಿಯಿಂದ 90 ರೂಪಾಯಿಗೆ ಜಿಗಿಯಿತು. ಜನರ ಆಕ್ರೋಶ ಕಂಡು ಮುಖ್ಯಮಂತ್ರಿ ಸಿದ್ದರಾಮಯ್ಯನವರು ಅಸಹಜವಾಗಿ ಏರಿದ ಕಡೆ ದರ ತಗ್ಗಿಸುವಂತೆ ನಿಗಮಕ್ಕೆ ಸೂಚಿಸಿದರು. ಅದೇ ತಿಂಗಳ ಮಧ್ಯದಲ್ಲಿ ಕೆಲವು ನಿಲ್ದಾಣಗಳ ನಡುವಿನ ದರ ಇಳಿಯಿತು, 90 ರೂಪಾಯಿಯ ಗರಿಷ್ಠ ದರ ಉಳಿಯಿತು. ಆ ಏರಿಕೆಗೆ ಆಧಾರವಾದ ಸಮಿತಿಯ ವರದಿ ಜನರ ಕೈಗೆ ಸಿಕ್ಕಿದ್ದು ಸೆಪ್ಟೆಂಬರ್‌ನಲ್ಲಿ, ಅದೂ ವಿಷಯ ಹೈಕೋರ್ಟ್ ಮೆಟ್ಟಿಲೇರಿದ ಮೇಲೆ. ತಾವು ತೆರುವ ಹಣದ ಲೆಕ್ಕ ತಿಳಿಯಲು ಜನರು ಏಳು ತಿಂಗಳು ಕಾಯಬೇಕಾಗಿ ಬಂದದ್ದು ನನಗೆ ಈಗಲೂ ನೋವಿನ ಸಂಗತಿ.

ಗರಿಷ್ಠ ದರ ತೆರುವ ನೌಕರರೊಬ್ಬರ ತಿಂಗಳನ್ನು ಲೆಕ್ಕ ಹಾಕಿ ನೋಡೋಣ. ಹೋಗಿ ಬರಲು ದಿನಕ್ಕೆ 180 ರೂಪಾಯಿ. ಸ್ಮಾರ್ಟ್ ಕಾರ್ಡಿನ ಶೇ 5ರ ರಿಯಾಯಿತಿ ಕಳೆದರೆ 171. ತಿಂಗಳಿಗೆ 26 ದಿನ ಕೆಲಸವೆಂದರೆ 4,446 ರೂಪಾಯಿ. ಹಳೆಯ ದರದಲ್ಲಿ ಇದೇ ಪ್ರಯಾಣಕ್ಕೆ 2,964 ರೂಪಾಯಿ ಸಾಕಾಗುತ್ತಿತ್ತು. ವ್ಯತ್ಯಾಸ 1,482 ರೂಪಾಯಿ. ಬಿಎಂಟಿಸಿಯ ಸಾಮಾನ್ಯ ಬಸ್ಸಿನ ಮಾಸಿಕ ಪಾಸಿಗೆ 2025ರ ಜನವರಿಯ ಏರಿಕೆಯ ನಂತರ 1,200 ರೂಪಾಯಿ. ಅಂದರೆ ಮೆಟ್ರೊ ದರದಲ್ಲಿ ಆದ ಹೆಚ್ಚಳವೊಂದರಲ್ಲೇ ಬಸ್ಸಿನ ಒಂದು ಮಾಸಿಕ ಪಾಸು ಬಂದು ಇನ್ನೂ ಚಿಲ್ಲರೆ ಉಳಿಯುತ್ತದೆ. ಇಪ್ಪತ್ತು ಸಾವಿರ ಸಂಬಳದ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರಾದರೆ ಈ ಮೊತ್ತವನ್ನು ಎರಡರಿಂದ ಗುಣಿಸಿಕೊಳ್ಳಬೇಕು.

ದೂರದ ಪ್ರಯಾಣಿಕರಿಗಿಂತ ಹತ್ತಿರದ ಪ್ರಯಾಣಿಕರ ಪಾಡು ಇನ್ನೂ ವಿಚಿತ್ರವಾಗಿದೆ. ಸಮಿತಿಯು ಶಿಫಾರಸು ಮಾಡಿದ ಪಟ್ಟಿಯಲ್ಲಿ ಮೊದಲ 2 ಕಿಲೊಮೀಟರಿಗೆ 10 ರೂಪಾಯಿ, ಅಲ್ಲಿಂದ 10 ಕಿಲೊಮೀಟರಿನವರೆಗೆ ಪ್ರತಿ 2 ಕಿಲೊಮೀಟರಿಗೊಮ್ಮೆ 10 ರೂಪಾಯಿ ಏರುತ್ತ ಹೋಗುತ್ತದೆ. ಆಮೇಲೆ 90 ರೂಪಾಯಿಯ ಗರಿಷ್ಠ ದರ ಮುಟ್ಟುವವರೆಗೆ ಪ್ರತಿ 5 ಕಿಲೊಮೀಟರಿಗೆ 10 ರೂಪಾಯಿ. ಈ ಪಟ್ಟಿಯಂತೆ 3 ಕಿಲೊಮೀಟರ್ ಹೋಗುವವರು ಕಿಲೊಮೀಟರಿಗೆ ಆರೂವರೆ ರೂಪಾಯಿಗಿಂತ ಹೆಚ್ಚು ತೆತ್ತರೆ, 40 ಕಿಲೊಮೀಟರ್ ಹೋಗುವವರು ಎರಡೂಕಾಲು ರೂಪಾಯಿ ತೆರುತ್ತಾರೆ. ದೂರ ಹೋದಷ್ಟೂ ಪ್ರತಿ ಕಿಲೊಮೀಟರಿನ ದರ ಇಳಿಯುವುದು ಎಲ್ಲ ಸಾರಿಗೆಯಲ್ಲೂ ಇರುವ ಪದ್ಧತಿ, ಅದನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ಹತ್ತಿರದ ಪ್ರಯಾಣದ ದರ ಎಲ್ಲಿಗೆ ಮುಟ್ಟಿದೆ ಎಂದರೆ, ಈ ಪಟ್ಟಿಯ ಪ್ರಕಾರ 5 ಕಿಲೊಮೀಟರಿಗೆ ಒಬ್ಬರಿಗೆ 30 ರೂಪಾಯಿಯಂತೆ, ಮದುವೆಗೆ ಹೊರಟ ಮೂವರಿಗೆ 90 ರೂಪಾಯಿ ಆಗುತ್ತದೆ. 2025ರ ಆಗಸ್ಟ್ 1ರಿಂದ ಆಟೊ ಮೀಟರ್ ದರ ಮೊದಲ 2 ಕಿಲೊಮೀಟರಿಗೆ 36 ರೂಪಾಯಿ, ನಂತರ ಕಿಲೊಮೀಟರಿಗೆ 18 ರೂಪಾಯಿ. ಅದೇ 5 ಕಿಲೊಮೀಟರಿಗೆ ಆಟೊ ಮೀಟರಿನಲ್ಲೂ 90 ರೂಪಾಯಿಯೇ! ಮೀಟರ್ ದರಕ್ಕೆ ಬರುವ ಆಟೊ ಸಿಕ್ಕರೆ ಅದು ಮೂವರನ್ನೂ ಮನೆ ಬಾಗಿಲಿನಿಂದ ಹತ್ತಿಸಿಕೊಂಡು ಮದುವೆ ಮಂಟಪದ ಬಾಗಿಲಿಗೇ ಬಿಡುತ್ತದೆ. ಮೆಟ್ರೊದಲ್ಲಿ ಹೋದರೆ ನಿಲ್ದಾಣಕ್ಕೆ ನಡೆಯಬೇಕು, ಮೆಟ್ಟಿಲು ಹತ್ತಬೇಕು, ತಪಾಸಣೆಗೆ ನಿಲ್ಲಬೇಕು, ಇಳಿದ ಮೇಲೆ ಮತ್ತೆ ನಡೆಯಬೇಕು. ನಂತರದ ಪರಿಷ್ಕರಣೆಯಲ್ಲಿ ಕೆಲವು ಕಡೆ ಒಂದು ಹಂತ ಕಡಿಮೆಯಾಗಿದ್ದರೂ ಪಟ್ಟಿಯ ಚೌಕಟ್ಟು ಬದಲಾಗಲಿಲ್ಲ. ರಸ್ತೆಯ ದಟ್ಟಣೆ ತಗ್ಗಿಸಲೆಂದು ಕಟ್ಟಿದ ಮೆಟ್ರೊ ಹತ್ತಿರದ ಪ್ರಯಾಣಿಕರನ್ನು ತಾನಾಗಿ ರಸ್ತೆಗೆ ಮರಳಿಸುವುದು ಯಾವ ಜಾಣತನ?

ಮಾಸಿಕ ಪಾಸು ನಮ್ಮ ನಾಡಿಗೆ ಹೊಸದೇನಲ್ಲ. ತುಮಕೂರು, ಮಂಡ್ಯ, ಬಂಗಾರಪೇಟೆಗಳಿಂದ ಬೆಳಗಿನ ರೈಲಿಗೆ ಬೆಂಗಳೂರಿಗೆ ಬಂದು ರಾತ್ರಿ ಊರಿಗೆ ಮರಳುವ ಸಾವಿರಾರು ಜನರ ಜೇಬಿನಲ್ಲಿ ರೈಲ್ವೆಯ ಸೀಸನ್ ಟಿಕೆಟ್ ಇದೆ. ಹಲವು ತಲೆಮಾರುಗಳ ಗುಮಾಸ್ತರು, ಶಿಕ್ಷಕರು, ಕಾರ್ಖಾನೆ ಕೆಲಸಗಾರರು ಊರಿನ ಮನೆ ಬಿಡದೆ ಬೆಂಗಳೂರಿನಲ್ಲಿ ದುಡಿಯಲು ಸಾಧ್ಯವಾದದ್ದು ಆ ಚೀಟಿಯಿಂದ. ಅಲ್ಲಿ ಗೇಟೂ ಇಲ್ಲ, ರೆಕ್ಕೆಬಾಗಿಲೂ ಇಲ್ಲ. ಟಿಕೆಟ್ ಪರೀಕ್ಷಕರು ಆಗಾಗ ಬಂದು ನೋಡುತ್ತಾರೆ, ಇಲ್ಲದವರಿಗೆ ದಂಡ ಹಾಕುತ್ತಾರೆ. ಬಿಎಂಟಿಸಿಯಲ್ಲಿ ದಿನದ ಪಾಸು, ತಿಂಗಳ ಪಾಸು, ವಿದ್ಯಾರ್ಥಿ ಪಾಸು ಎಲ್ಲವೂ ಇವೆ. ಕೆ.ಎಸ್.ಆರ್. ರೈಲು ನಿಲ್ದಾಣದಲ್ಲಿ ಇಳಿದ ತುಮಕೂರಿನ ನೌಕರ ಎದುರಿನ ಕೆಂಪೇಗೌಡ ಬಸ್ ನಿಲ್ದಾಣಕ್ಕೆ ನಡೆದರೆ ತಿಂಗಳ ಪಾಸು ಸಿಗುತ್ತದೆ, ಅದೇ ನೆಲದ ಕೆಳಗಿರುವ ಮೆಟ್ರೊ ನಿಲ್ದಾಣಕ್ಕೆ ಇಳಿದರೆ ಸಿಗುವುದಿಲ್ಲ. ಮೆಜೆಸ್ಟಿಕ್ಕಿನ ಒಂದೇ ಆವರಣದಲ್ಲಿ ಮೂರು ಸಾರಿಗೆಗಳಿದ್ದು, ಅವುಗಳಲ್ಲಿ ಎರಡು ನಿತ್ಯ ಪ್ರಯಾಣಿಕರನ್ನು ಗುರುತಿಸುತ್ತವೆ, ಮೂರನೆಯದು ಗುರುತಿಸುವುದಿಲ್ಲ. ಮೆಟ್ರೊದಲ್ಲಿ ಒಂದು, ಮೂರು, ಐದು ದಿನಗಳ ಪಾಸುಗಳು ಇವೆ ನಿಜ. ಅವು ಊರು ನೋಡಲು ಬಂದವರಿಗೆ ಅನುಕೂಲ. ದಿನಕ್ಕೊಮ್ಮೆ ಹೋಗಿ ಬರುವವರಿಗೆ ಅವುಗಳಿಂದ ಹೆಚ್ಚಿನ ಉಳಿತಾಯವಿಲ್ಲ.

2025ರ ಫೆಬ್ರುವರಿಯ ದರ ಏರಿಕೆಯ ಜೊತೆಗೇ ಬಂದ ಇನ್ನೊಂದು ನಿಯಮದ ಬಗ್ಗೆ ಹೆಚ್ಚು ಚರ್ಚೆಯಾಗಲಿಲ್ಲ. ಸ್ಮಾರ್ಟ್ ಕಾರ್ಡಿನಲ್ಲಿ ಇರಬೇಕಾದ ಕನಿಷ್ಠ ಮೊತ್ತವನ್ನು 50 ರೂಪಾಯಿಯಿಂದ 90 ರೂಪಾಯಿಗೆ ಏರಿಸಲಾಯಿತು. ನಿಗಮದ ತರ್ಕ ನನಗೆ ಅರ್ಥವಾಗುತ್ತದೆ. ಒಳಹೋದವರು ಎಲ್ಲಿ ಇಳಿಯುತ್ತಾರೆಂದು ಗೇಟಿಗೆ ತಿಳಿದಿರುವುದಿಲ್ಲ, ಆದ್ದರಿಂದ ಅತಿ ದೂರ ಹೋಗುವಷ್ಟು ಹಣ ಇದೆಯೇ ಎಂದು ಅದು ಮೊದಲೇ ನೋಡಿಕೊಳ್ಳುತ್ತದೆ. ಆದರೆ ಮುಂದಿನ ನಿಲ್ದಾಣಕ್ಕೆ 10 ರೂಪಾಯಿಯ ಪ್ರಯಾಣ ಮಾಡುವ ಮನೆಕೆಲಸದ ಹೆಣ್ಣುಮಗಳೂ ಕಾರ್ಡಿನಲ್ಲಿ 90 ರೂಪಾಯಿ ಇಟ್ಟುಕೊಂಡೇ ಇರಬೇಕೆಂದರೆ, ಅವಳ ಒಂದು ಹೊತ್ತಿನ ದಿನಸಿಯ ಹಣ ಸದಾ ನಿಗಮದ ಬಳಿಯೇ ಉಳಿದಂತೆ. ಅದು ಬೇಡವೆಂದರೆ ಅವಳು ಟೋಕನ್ ಕೊಳ್ಳಬೇಕು. ಟೋಕನ್ನಿಗೆ ರಿಯಾಯಿತಿ ಇಲ್ಲ. ಹೀಗಾಗಿ ಮುಂಗಡವಾಗಿ ಹಣ ತುಂಬಬಲ್ಲವರಿಗೆ ದರ ಕಡಿಮೆ. ಅಂದಂದು ದುಡಿದು ಅಂದಂದು ತಿನ್ನುವವರಿಗೆ ಪೂರ್ತಿ ದರ. ಉದ್ದೇಶಪೂರ್ವಕವಾಗಿ ಯಾರೂ ಹೀಗೆ ಮಾಡಿರಲಾರರು ಎಂದು ನಂಬುತ್ತೇನೆ. ಆದರೆ ಫಲ ಮಾತ್ರ ಅದೇ ಆಗಿದೆ. ಕೊನೆಯ ಒಂದು ಪ್ರಯಾಣದಲ್ಲಿ ಕಾರ್ಡಿನ ಮೊತ್ತ ಸ್ವಲ್ಪ ಕಡಿಮೆಬಿದ್ದರೆ ಹೋಗಲು ಬಿಟ್ಟು, ಮುಂದಿನ ಸಲ ಹಣ ತುಂಬಿದಾಗ ಹಿಡಿದುಕೊಳ್ಳುವ ವ್ಯವಸ್ಥೆ ಮಾಡುವುದು ಕಷ್ಟದ ಕೆಲಸವಲ್ಲ. ಕಾರ್ಡು ಕೊಳ್ಳುವಾಗ ಪಡೆಯುವ ಹಣವೇ ಅದಕ್ಕೆ ಭದ್ರತೆ.

ಹೊತ್ತಿನ ಮೇಲೆ ಕೊಡುವ ರಿಯಾಯಿತಿಯೂ ಹೀಗೆಯೇ. ಬೆಳಿಗ್ಗೆ 8ಕ್ಕೆ ಮೊದಲು, ಮಧ್ಯಾಹ್ನ 12ರಿಂದ 4ರವರೆಗೆ, ರಾತ್ರಿ 9ರ ನಂತರ ಕಾರ್ಡಿನವರಿಗೆ ಶೇ 10ರ ರಿಯಾಯಿತಿ ಇದೆ. ಇದು ಒಳ್ಳೆಯ ಕ್ರಮವೇ. ಆದರೆ ಒಂಬತ್ತಕ್ಕೆ ಹಾಜರಿ ಹಾಕಬೇಕಾದ ಗಾರ್ಮೆಂಟ್ಸ್ ಕಾರ್ಮಿಕರು, ಹತ್ತಕ್ಕೆ ತೆರೆಯುವ ಬಟ್ಟೆ ಅಂಗಡಿಯ ಮಾರಾಟ ಸಹಾಯಕರು, ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಬರುವವರು ತಮ್ಮ ಹೊತ್ತನ್ನು ತಾವೇ ಆರಿಸಿಕೊಳ್ಳುವವರಲ್ಲ.

ಮಹಿಳೆಯರ ವಿಷಯವನ್ನು ಪ್ರತ್ಯೇಕವಾಗಿ ಹೇಳಬೇಕಾಗಿದೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ರಾಜ್ಯದ ಮಹಿಳೆಯರು ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಓಡಾಡುತ್ತಿದ್ದಾರೆ. ಆ ಯೋಜನೆ ಎಷ್ಟೋ ಹೆಣ್ಣುಮಕ್ಕಳನ್ನು ಮನೆಯಿಂದ ಹೊರಗೆ, ಕೆಲಸಕ್ಕೆ, ಕಾಲೇಜಿಗೆ ಕರೆತಂದಿದೆ. ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಬೆಂಗಳೂರಿನಲ್ಲಿ ಅದರ ಪಕ್ಕದಲ್ಲೇ 90 ರೂಪಾಯಿಯ ಮೆಟ್ರೊ ಗೇಟು ನಿಂತಿರುವುದರಿಂದ, ಬಡ ಕುಟುಂಬದ ಮಹಿಳೆಯ ಮುಂದೆ ಉಳಿದಿರುವ ಆಯ್ಕೆ ಬಹಳ ಕಠಿಣವಾಗಿದೆ. ಮೆಟ್ರೊದಲ್ಲಿ ಬೇಗ ಮನೆ ಸೇರಿ ಮಗುವಿನ ಓದಿಗೆ ಕೂರಬಹುದು, ಅದಕ್ಕೆ ದುಡ್ಡು ಕೊಡಬೇಕು. ಬಸ್ಸಿನಲ್ಲಿ ದುಡ್ಡು ಉಳಿಯುತ್ತದೆ, ಸಿಲ್ಕ್ ಬೋರ್ಡಿನಲ್ಲೋ ಕೆ.ಆರ್. ಪುರದಲ್ಲೋ ನಿಂತ ಬಸ್ಸಿನೊಳಗೆ ಸಂಜೆ ಕಳೆದುಹೋಗುತ್ತದೆ. ಹೊತ್ತು ಉಳಿಸುವ ಸಾರಿಗೆ ದುಡ್ಡಿದ್ದವರಿಗೆ, ದುಡ್ಡು ಉಳಿಸುವ ಸಾರಿಗೆ ಇಲ್ಲದವರಿಗೆ ಎಂಬ ಹಂಚಿಕೆಯು ಸಾರ್ವಜನಿಕ ಹಣದಿಂದ ಕಟ್ಟಿದ ವ್ಯವಸ್ಥೆಯಲ್ಲಿ ಇರಬಾರದು.

ಇದಕ್ಕೆ ಬರಬಹುದಾದ ಉತ್ತರ ನನಗೆ ಗೊತ್ತು. ಮೆಟ್ರೊ ನಡೆಸಲು ವಿದ್ಯುತ್ತು ಬೇಕು, ಸಿಬ್ಬಂದಿ ಬೇಕು, ಬೋಗಿಗಳ ನಿರ್ವಹಣೆ ಆಗಬೇಕು, ವಿದೇಶಿ ಸಾಲದ ಕಂತು ಕಟ್ಟಬೇಕು. ಏಳು ವರ್ಷ ದರ ಏರಿಸದೆ ಕೂತದ್ದೇ ತಪ್ಪು ಎಂಬುದು. ಈ ಮಾತಿನಲ್ಲಿ ಸತ್ಯವಿದೆ. ದರವೇ ಏರಬಾರದೆಂದು ನಾನು ವಾದಿಸುತ್ತಿಲ್ಲ. ಆದರೆ ದರ ಏರಿಸಿದಷ್ಟೇ ಪ್ರಮಾಣದಲ್ಲಿ ಆದಾಯವೂ ಏರುತ್ತದೆಂಬ ಲೆಕ್ಕ ಕಾಗದದ ಮೇಲೆ ಮಾತ್ರ ಸರಿ. ದೆಹಲಿಯಲ್ಲಿ 2017ರ ಮೇ ಮತ್ತು ಅಕ್ಟೋಬರ್‌ನಲ್ಲಿ, ಐದು ತಿಂಗಳ ಅಂತರದಲ್ಲಿ ಎರಡು ಸಲ ದರ ಏರಿಸಿದಾಗ ಪ್ರಯಾಣಿಕರ ಸಂಖ್ಯೆ ಇಳಿಯಿತು. ನಮ್ಮಲ್ಲೂ 2025ರ ಫೆಬ್ರುವರಿಯ ಏರಿಕೆಯ ಬೆನ್ನಿಗೇ ನಿತ್ಯದ ಸಂಖ್ಯೆ ತಗ್ಗಿತು. ಮುಂದೆ ಅದು ದೊಡ್ಡ ಪ್ರಮಾಣದಲ್ಲಿ ಮೇಲೆದ್ದದ್ದು ಹಳದಿ ಮಾರ್ಗ ಬಂದ ಮೇಲೆ. ಇದಕ್ಕೆ ವಿರುದ್ಧವಾಗಿ ಚೆನ್ನೈ ಮೆಟ್ರೊ 2021ರ ಫೆಬ್ರುವರಿಯಲ್ಲಿ ಗರಿಷ್ಠ ದರವನ್ನು 70 ರೂಪಾಯಿಯಿಂದ 50ಕ್ಕೆ ಇಳಿಸಿತು, ಮೇಲಾಗಿ ಕಾರ್ಡು ಮತ್ತು ಕ್ಯೂಆರ್ ಟಿಕೆಟ್ಟಿಗೆ ಶೇ 20ರ ರಿಯಾಯಿತಿಯನ್ನೂ ಕೊಟ್ಟಿತು. ಪುಣೆ ಮತ್ತು ನಾಗಪುರಗಳ ಮೆಟ್ರೊದಲ್ಲಿ ವಿದ್ಯಾರ್ಥಿಗಳಿಗೆ ಶೇ 30ರ ರಿಯಾಯಿತಿ ಇದೆ. ದೆಹಲಿಯಲ್ಲಿ 2025ರ ಆಗಸ್ಟ್‌ನ ಪರಿಷ್ಕರಣೆಯ ನಂತರವೂ 32 ಕಿಲೊಮೀಟರ್ ಮೀರಿದ ಪ್ರಯಾಣಕ್ಕೆ 64 ರೂಪಾಯಿ. ಅವರಿಗೂ ವಿದ್ಯುತ್ ಬಿಲ್ಲು ಬರುತ್ತದೆ, ಅವರೂ ಸಾಲ ತೀರಿಸಬೇಕು.

ಪಾಸಿನಿಂದ ನಿಗಮಕ್ಕೆ ನಷ್ಟವೆಂಬ ಭಯಕ್ಕೂ ಆಧಾರ ಕಡಿಮೆ. ಪಾಸಿನ ಹಣ ತಿಂಗಳ ಮೊದಲೇ ಬಂದು ಸೇರುತ್ತದೆ. ಪಾಸು ಕೊಂಡವರು ಮಳೆ ಬಂದರೂ ಬಿಸಿಲು ಬಂದರೂ ಸ್ಕೂಟರ್ ತೆಗೆಯದೆ ಮೆಟ್ರೊಗೇ ಬರುತ್ತಾರೆ; ಭಾನುವಾರ ಮನೆಯವರನ್ನು ಕರೆದುಕೊಂಡು ಹೊರಟಾಗಲೂ ಮೆಟ್ರೊ ಹತ್ತುತ್ತಾರೆ, ಅವರೊಂದಿಗೆ ಬಂದವರು ಟಿಕೆಟ್ ಕೊಳ್ಳುತ್ತಾರೆ. ಆಸ್ಟ್ರಿಯಾದ ವಿಯೆನ್ನಾ ನಗರ 2012ರಲ್ಲಿ ವಾರ್ಷಿಕ ಪಾಸಿನ ದರವನ್ನು ಇಳಿಸಿ ವರ್ಷಕ್ಕೆ 365 ಯೂರೊ, ಅಂದರೆ ದಿನಕ್ಕೆ ಒಂದೇ ಯೂರೊ ಮಾಡಿತು. ಹದಿಮೂರು ವರ್ಷಗಳ ಕಾಲ, 2025ರ ಕೊನೆಯವರೆಗೂ, ಅದನ್ನು ಏರಿಸಲಿಲ್ಲ. ಅಲ್ಲಿನ ಮೆಟ್ರೊ ನಿಲ್ದಾಣಗಳಲ್ಲಿ ದಾರಿಗೆ ಅಡ್ಡ ಬರುವ ಗೇಟುಗಳೂ ಇಲ್ಲ, ನಮ್ಮ ರೈಲ್ವೆಯಂತೆ ಆಗಾಗ ತಪಾಸಣೆ ಮಾತ್ರ. ನಮ್ಮ ಜನಸಂದಣಿಗೆ ಗೇಟು ತೆಗೆಯುವುದು ಸದ್ಯಕ್ಕೆ ಆಗದು ಎಂಬುದನ್ನು ಒಪ್ಪುತ್ತೇನೆ. ಆದರೆ ಗೇಟನ್ನು ಉಳಿಸಿಕೊಂಡೇ ಎಣಿಕೆಯ ಕ್ರಮವನ್ನು ಬದಲಿಸಿದ ನಗರಗಳೂ ಇವೆ. ಲಂಡನ್ನಿನಲ್ಲಿ ದಿನಕ್ಕೆ ಇಷ್ಟು, ವಾರಕ್ಕೆ ಇಷ್ಟು ಎಂದು ಮಿತಿ ಗೊತ್ತುಮಾಡಿದ್ದಾರೆ. ಆ ಮಿತಿ ಮುಟ್ಟಿದ ಮೇಲೆ ಅದೇ ಕಾರ್ಡು ಹಿಡಿದು ಎಷ್ಟು ಸಲ ಓಡಾಡಿದರೂ ಹೆಚ್ಚು ಹಣ ಕಳೆಯುವುದಿಲ್ಲ. ಪಾಸಿಗೆ ಒಟ್ಟಿಗೇ ಹಣ ಕಟ್ಟಲಾಗದ ಬಡವರಿಗೆ ಇದರಷ್ಟು ಅನುಕೂಲವಾದ ಏರ್ಪಾಡು ಬೇರೆ ಇಲ್ಲ. ದುಡಿದ ದುಡ್ಡಿನಲ್ಲಿ ದಿನದಿನದ ದರ ಕೊಡುತ್ತ ಹೋಗುತ್ತಾರೆ, ಆದರೂ ಪಾಸಿನ ಲಾಭ ಅವರಿಗೆ ಸಿಗುತ್ತದೆ. ಸಿಂಗಪುರದಲ್ಲಿ 2010ರಿಂದ ಬಸ್ಸು ಮತ್ತು ರೈಲಿನ ದೂರವನ್ನು ಕೂಡಿಸಿ ಒಂದೇ ಪ್ರಯಾಣವೆಂದು ಎಣಿಸುತ್ತಾರೆ. ಬಸ್ಸಿನಿಂದ ಇಳಿದು ಮುಕ್ಕಾಲು ಗಂಟೆಯೊಳಗೆ ರೈಲು ಹತ್ತಿದರೆ ಮತ್ತೆ ಮೊದಲಿನಿಂದ ದರ ಶುರುವಾಗುವುದಿಲ್ಲ.

ನಮ್ಮಲ್ಲಿ ಬಸ್ಸಿಳಿದು ಮೆಟ್ರೊ ಹತ್ತಿ, ಮತ್ತೆ ಬಸ್ಸು ಹಿಡಿಯುವವರು ಮೂರು ಸಲವೂ ಆರಂಭದ ದರವನ್ನೇ ತೆರುತ್ತಾರೆ. ಬಿಎಂಟಿಸಿ ಪಾಸಿಗೆ ಮೆಟ್ರೊ ಗೇಟು ತೆರೆಯುವುದಿಲ್ಲ. ಇದನ್ನು ಸರಿಪಡಿಸಲು ಬೇಕಾದ ತಂತ್ರಜ್ಞಾನ ಈಗಾಗಲೇ ನಮ್ಮ ಜೇಬಿಗೆ ಬಂದಿದೆ ಎಂಬುದನ್ನು ಗಮನಿಸಬೇಕು. 2019ರ ಮಾರ್ಚ್‌ನಲ್ಲಿ ದೇಶಕ್ಕೆ ಪರಿಚಯಿಸಲಾದ ರಾಷ್ಟ್ರೀಯ ಸಾಮಾನ್ಯ ಸಂಚಾರ ಕಾರ್ಡ್ ನಮ್ಮ ಮೆಟ್ರೊದಲ್ಲಿ 2023ರಿಂದ ನಡೆಯುತ್ತಿದೆ. ಬಸ್ಸು, ಮೆಟ್ರೊ, ಪಾರ್ಕಿಂಗ್ ಎಲ್ಲಕ್ಕೂ ಒಂದೇ ಕಾರ್ಡು ಎಂಬುದೇ ಅದರ ಉದ್ದೇಶ. ಹಣದ ಜೊತೆಗೆ ಮಾಸಿಕ ಪಾಸನ್ನೂ ಆ ಕಾರ್ಡಿನೊಳಗೇ ಇರಿಸಲು ಅದರ ವಿನ್ಯಾಸದಲ್ಲಿ ಜಾಗ ಬಿಡಲಾಗಿದೆ. ಆ ಜಾಗ ಬೆಂಗಳೂರಿನಲ್ಲಿ ಖಾಲಿ ಬಿದ್ದಿದೆ. ಬೇರೆ ಬೇರೆ ಸಾರಿಗೆ ಸಂಸ್ಥೆಗಳನ್ನು ಒಂದು ಸೂರಿನಡಿ ತರಲೆಂದೇ ರಾಜ್ಯವು 2022ರಲ್ಲಿ ಬೆಂಗಳೂರು ಮಹಾನಗರ ಭೂಸಾರಿಗೆ ಪ್ರಾಧಿಕಾರದ ಕಾಯ್ದೆಯನ್ನು ರೂಪಿಸಿತು. ಮುಖ್ಯಮಂತ್ರಿಯವರೇ ಅದರ ಅಧ್ಯಕ್ಷರು. ಬಸ್ಸು ಮತ್ತು ಮೆಟ್ರೊಗಳಿಗೆ ಒಂದೇ ಪಾಸು ತರುವುದಕ್ಕಿಂತ ಮಿಗಿಲಾದ ಮೊದಲ ಕೆಲಸ ಆ ಪ್ರಾಧಿಕಾರಕ್ಕೆ ಬೇರೆ ಯಾವುದಿರಬಹುದೋ ನನಗೆ ತೋಚುತ್ತಿಲ್ಲ.

ಕಾನೂನಿನ ತೊಡಕನ್ನೂ ಇಲ್ಲಿ ಹೇಳಬೇಕು. 2002ರ ಮೆಟ್ರೊ ರೈಲು ಕಾಯ್ದೆಯ 34ನೆಯ ಸೆಕ್ಷನ್ನಿನ ಪ್ರಕಾರ ದರ ನಿಗದಿ ಸಮಿತಿಗೆ ಹೈಕೋರ್ಟಿನ ಹಾಲಿ ಅಥವಾ ನಿವೃತ್ತ ನ್ಯಾಯಮೂರ್ತಿ ಅಧ್ಯಕ್ಷರು, ಕೇಂದ್ರದಿಂದ ಒಬ್ಬರು ಮತ್ತು ರಾಜ್ಯದಿಂದ ಒಬ್ಬರು ಅಧಿಕಾರಿ ಸದಸ್ಯರು. 37ನೆಯ ಸೆಕ್ಷನ್ ಪ್ರಕಾರ ಸಮಿತಿಯ ಶಿಫಾರಸಿಗೆ ನಿಗಮವು ಬದ್ಧವಾಗಿರಬೇಕು. ದೆಹಲಿ ಸರ್ಕಾರ 2017ರಲ್ಲಿ ಎರಡನೆಯ ಏರಿಕೆಯನ್ನು ವಿರೋಧಿಸಿದರೂ ಅದು ನಿಲ್ಲದಿರುವುದಕ್ಕೆ ಕಾರಣ ಇದೇ. ನಮ್ಮಲ್ಲಿ ನಿವೃತ್ತ ನ್ಯಾಯಮೂರ್ತಿ ಆರ್. ತರಣಿಯವರ ನೇತೃತ್ವದ ಸಮಿತಿಯು 2024ರ ಡಿಸೆಂಬರ್‌ನಲ್ಲಿ ವರದಿ ಕೊಟ್ಟಿತು. ಪ್ರತಿ ವರ್ಷ ಶೇ 5ರವರೆಗೆ ದರ ಪರಿಷ್ಕರಿಸಲು ಅವಕಾಶವಿರಬೇಕೆಂದೂ ಅದು ಹೇಳಿದೆ. ಮೂವರೇ ಇರುವ ಈ ಸಮಿತಿಯಲ್ಲಿ ನಿತ್ಯ ಪ್ರಯಾಣಿಕರ ಕಡೆಯವರು ಒಬ್ಬರೂ ಇಲ್ಲ. ಆದರೂ ಮೂಲ ದರವನ್ನು ಸಮಿತಿ ಗೊತ್ತುಮಾಡಿದರೆ ಅದರ ಮೇಲೆ ರಿಯಾಯಿತಿ ಕೊಟ್ಟು ಆ ಹೊರೆಯನ್ನು ಹೊರಲು ರಾಜ್ಯ ಸರ್ಕಾರಕ್ಕೆ ಯಾರ ಅಡ್ಡಿಯೂ ಇಲ್ಲ. ಶಕ್ತಿ ಯೋಜನೆಯಲ್ಲಿ ಸಾರಿಗೆ ನಿಗಮಗಳಿಗೆ ಸರ್ಕಾರ ಹಣ ತುಂಬಿಕೊಡುತ್ತಿರುವುದು ಇದೇ ರೀತಿಯಲ್ಲಿ. ಮೆಟ್ರೊದಲ್ಲಿ ಕೇಂದ್ರ ಮತ್ತು ರಾಜ್ಯ ಸಮಪಾಲುದಾರರಾಗಿರುವುದರಿಂದ ಹೊರೆಯನ್ನು ಇಬ್ಬರೂ ಹಂಚಿಕೊಳ್ಳುವುದು ಇನ್ನೂ ನ್ಯಾಯ.

2024ರ ಫೆಬ್ರುವರಿಯಲ್ಲಿ ರಾಜಾಜಿನಗರ ನಿಲ್ದಾಣದಲ್ಲಿ, ಟಿಕೆಟ್ ಇದ್ದರೂ ಬಟ್ಟೆ ಕೊಳೆಯಾಗಿದೆಯೆಂದು ರೈತರೊಬ್ಬರನ್ನು ಒಳಗೆ ಬಿಡದ ಪ್ರಸಂಗ ಓದುಗರಿಗೆ ನೆನಪಿರಬಹುದು. ಸಹಪ್ರಯಾಣಿಕರು ಅವರ ಪರವಾಗಿ ನಿಂತರು, ಅದರ ವಿಡಿಯೊ ನಾಡಿನಾದ್ಯಂತ ಹರಡಿತು, ಭದ್ರತಾ ಮೇಲ್ವಿಚಾರಕನನ್ನು ಕೆಲಸದಿಂದ ತೆಗೆಯಲಾಯಿತು. ಬೆಂಗಳೂರಿಗರು ಅಂದು ತೋರಿದ ಆ ಕಾಳಜಿ ನನಗೆ ಹೆಮ್ಮೆ ತಂದಿತ್ತು. ದರ ಪಟ್ಟಿ ನೋಡಿ, ಜೇಬು ಮುಟ್ಟಿಕೊಂಡು, ಮೆಟ್ಟಿಲು ಹತ್ತದೆಯೇ ಬಸ್ ನಿಲ್ದಾಣದತ್ತ ತಿರುಗಿ ಹೋಗುವವರನ್ನು ಯಾರೂ ಅಡ್ಡಗಟ್ಟಿರುವುದಿಲ್ಲ; ಅವರ ವಿಡಿಯೊ ಯಾರೂ ಮಾಡುವುದಿಲ್ಲ. ಅವರ ಪರವಾಗಿಯೂ ನಾವು ನಿಲ್ಲಬೇಕಾಗಿದೆ.

ಆದ್ದರಿಂದ ಮೆಟ್ರೊ ರೈಲು ನಿಗಮದಲ್ಲಿ ನನ್ನ ವಿನಂತಿ ಇಷ್ಟು. ಎರಡು ನಿಲ್ದಾಣಗಳ ನಡುವೆ ತಿಂಗಳಿಡೀ ಓಡಾಡಲು, ಹದಿನೈದು ಹದಿನಾರು ದಿನಗಳ ದರಕ್ಕೆ ಸಿಗುವಂತೆ ಮಾಸಿಕ ಪಾಸನ್ನು ಆರಂಭಿಸಲಿ. ವಿದ್ಯಾರ್ಥಿಗಳಿಗೆ ಪುಣೆ, ನಾಗಪುರಗಳಲ್ಲಿ ಇರುವಷ್ಟಾದರೂ ರಿಯಾಯಿತಿ ಸೇರಲಿ. ಪಾಸು ಕೊಳ್ಳದವರಿಗೂ ಕಾರ್ಡಿನಲ್ಲಿ ದಿನದ ಮಿತಿಯನ್ನು ಗೊತ್ತುಮಾಡಿ, ಮಿತಿ ಮುಟ್ಟಿದ ಮೇಲೆ ಹಣ ಕಳೆಯದೆ ಗೇಟು ತೆರೆಯಲಿ. 90 ರೂಪಾಯಿಯ ಕನಿಷ್ಠ ಮೊತ್ತದ ನಿಯಮವನ್ನು ಕೈಬಿಡಲಿ. ಬಿಎಂಟಿಸಿಯೊಂದಿಗೆ ಕೂಡುಪಾಸು ತರಲು ಭೂಸಾರಿಗೆ ಪ್ರಾಧಿಕಾರ ಮುಂದಾಗಲಿ. ಇವುಗಳಲ್ಲಿ ಎಲ್ಲವೂ ನಾಳೆಯೇ ಆಗದಿದ್ದರೆ ಮಾಸಿಕ ಪಾಸಿನಿಂದ ಶುರುಮಾಡಲಿ, ಏಕೆಂದರೆ ಅದಕ್ಕೆ ಹೊಸ ಗೇಟೂ ಬೇಡ, ಹೊಸ ಕಾರ್ಡೂ ಬೇಡ. ಮುಂದಿನ ದರ ಪರಿಷ್ಕರಣೆಯ ಪ್ರಸ್ತಾವ ಬರುವ ಮೊದಲು ಅದರ ಕರಡನ್ನು ಕನ್ನಡದಲ್ಲಿ ಪ್ರಕಟಿಸಿ, ಚಲ್ಲಘಟ್ಟ, ಮಾದಾವರ, ಬೊಮ್ಮಸಂದ್ರದಂಥ ಕೊನೆಯ ನಿಲ್ದಾಣಗಳ ಬಳಿ, ಜನರು ಕೆಲಸ ಮುಗಿಸಿ ಬರುವ ಸಂಜೆ ಹೊತ್ತಿನಲ್ಲಿ ಅಹವಾಲು ಸಭೆ ಕರೆಯಲಿ. ಸಭೆಗೆ ಬರಲು ನಾನು ಸಿದ್ಧ. ಲೆಕ್ಕದ ಪುಸ್ತಕದೊಂದಿಗೆ ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನೇರಳೆ ಮಾರ್ಗದ ಒಬ್ಬ ನಿತ್ಯ ಪ್ರಯಾಣಿಕ
ಬೆಂಗಳೂರು